ಉಡಿದಾರ ಹೇಳುವ ಚರಿತ್ರೆ

ಮಗು ಹುಟ್ಟಿದ ಕೆಲವು ದಿನಗಳಿಗೇ ಅದರ ಸೊಂಟಕ್ಕೊಂದು ಉಡಿದಾರ ಕಟ್ಟುವುದು ನಮ್ಮ ನಾಡಿನ ಬಹು ಹಳೆಯ ಪದ್ಧತಿ. ಬಡವರ ಮನೆಯಲ್ಲಿ ಕರಿಯ ನೂಲು, ಉಳ್ಳವರ ಮನೆಯಲ್ಲಿ ಬೆಳ್ಳಿ. ದೃಷ್ಟಿ ತಾಗದಿರಲೆಂದು ಕಟ್ಟುತ್ತಾರೆ ಎಂದು ಕೆಲವರು ಹೇಳುತ್ತಾರೆ. ಲಂಗೋಟಿ ನಿಲ್ಲಲೆಂದು ಎಂದು ಇನ್ನು ಕೆಲವರು. ಇವೆರಡರ ಜೊತೆಗೆ ಅದಕ್ಕೆ ಮೂರನೆಯ ಉಪಯೋಗವೊಂದಿತ್ತು. ದಾರ ಸಡಿಲವಾದರೆ ಮಗು ಸೊರಗಿತೆಂದೂ, ಬಿಗಿಯಾದರೆ ಮೈಗೂಡಿತೆಂದೂ ಮನೆಯ ಅಜ್ಜಿ ತಕ್ಕಡಿಯ ಹಂಗಿಲ್ಲದೆ ತಿಳಿದುಕೊಳ್ಳುತ್ತಿದ್ದಳು.

ವೈದ್ಯವಿಜ್ಞಾನವು ಸುಮಾರು ಇನ್ನೂರು ವರ್ಷ ತೂಕ, ಎತ್ತರ ಎಂದು ಸುತ್ತಾಡಿ, ಈಗ ಆ ಅಜ್ಜಿ ನೋಡುತ್ತಿದ್ದ ಜಾಗಕ್ಕೇ, ಅಂದರೆ ಸೊಂಟದ ಸುತ್ತಳತೆಗೇ, ಬಂದು ನಿಂತಿದೆ. ಮನುಷ್ಯನ ಒಟ್ಟು ತೂಕಕ್ಕಿಂತ ಅವನ ಹೊಟ್ಟೆಯೊಳಗೆ ಸೇರಿದ ಬೊಜ್ಜೇ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಸುಳಿವನ್ನು ಚೆನ್ನಾಗಿ ಕೊಡುತ್ತದೆ ಎಂಬುದು ಇಂದು ಒಪ್ಪಿತವಾದ ಮಾತು. ವಯಸ್ಸಾದವರ ವಿಷಯದಲ್ಲಿ ಇದು ಇನ್ನೂ ನಿಜ.

ಆದರೆ ಹೊಟ್ಟೆ ಬಂದವನನ್ನು ಕಂಡರೆ ನಗುವುದೂ, ತಿಂದು ತಿಂದು ಹೀಗಾದ ಎನ್ನುವುದೂ ನಮ್ಮಲ್ಲಿ ರೂಢಿ. ಹೊಟ್ಟೆಯ ಬೊಜ್ಜು ಬರೀ ತಿಂದವನ ತಪ್ಪಲ್ಲ; ಅದಕ್ಕೊಂದು ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ಬರಗಾಲವಿದೆ, ಬಿಟ್ಟುಬಂದ ನೆಲವಿದೆ, ಪಡಿತರದ ಚೀಲವಿದೆ. ದೆಹಲಿಗೆ ಬಂದು ನೆಲೆಸಿದ ನಮಗೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಈ ಚರಿತ್ರೆಯ ಕೆಲವು ಅಧ್ಯಾಯಗಳು ಒಂದೇ. ಅದನ್ನು ನನಗೆ ತಿಳಿದ ಮಟ್ಟಿಗೆ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಸಿರಿಯ ಹೊಟ್ಟೆ, ಬರದ ಹೊಟ್ಟೆ

ನಮ್ಮ ಪೂರ್ವಿಕರಿಗೆ ಹೊಟ್ಟೆ ಸಿರಿಯ ಲಕ್ಷಣವಾಗಿತ್ತು. ಗುಡಿಗಳ ಗೋಡೆಯ ಮೇಲೆ ಧನಾಧಿಪತಿ ಕುಬೇರನನ್ನು ನೋಡಿ, ಯಕ್ಷರನ್ನು ನೋಡಿ. ಹೊಟ್ಟೆಯಿಲ್ಲದ ಕುಬೇರನನ್ನು ಯಾವ ಶಿಲ್ಪಿಯೂ ಕಡೆದಂತಿಲ್ಲ. ಬಿರಿದ ಹೊಟ್ಟೆಗೆ ಹಾವನ್ನೇ ಉಡಿದಾರವಾಗಿ ಬಿಗಿದುಕೊಂಡ ಗಣಪನ ಕಥೆಯಂತೂ ಮಕ್ಕಳಿಗೂ ಗೊತ್ತು. ನಾಟಕದ ಸಾಹುಕಾರನಿಗೆ ಪಂಚೆಯೊಳಗೆ ದಿಂಬು ಕಟ್ಟುತ್ತಿದ್ದರು. ಊರಿಗೆ ಒಬ್ಬಿಬ್ಬರಿಗೆ ಮಾತ್ರ ಹೊಟ್ಟೆಯಿದ್ದ ಕಾಲ ಅದು. ಹಾಗಿದ್ದುದರಿಂದಲೇ ಅದು ಲಕ್ಷಣವಾಯಿತು.

ಉಳಿದವರ ಹೊಟ್ಟೆಗೆ ನಮ್ಮ ಭಾಷೆ ಬೇರೆ ಮಾತುಗಳನ್ನು ಇಟ್ಟಿದೆ. ‘ಗೇಣು ಹೊಟ್ಟೆ’ ಎನ್ನುತ್ತೇವೆ. ‘ಹೊಟ್ಟೆ ಬೆನ್ನಿಗೆ ಹತ್ತಿತು’ ಎನ್ನುತ್ತೇವೆ. ಇದು ಬರಿಯ ಅಲಂಕಾರವಲ್ಲ. 1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನಕ್ಕಾದ ನಷ್ಟವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮೀರಿ ಕುಗ್ಗಿತು. ಆ ಬರದಲ್ಲಿ ಪರಿಹಾರ ಕಾಮಗಾರಿಗಳ ಉಸ್ತುವಾರಿಗೆಂದು ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಅರ್ಧ ಕಿಲೋಗೂ ಕಡಿಮೆ, ಧಾನ್ಯವೂ ಮೇಲೊಂದಿಷ್ಟು ಚಿಲ್ಲರೆ ಕಾಸೂ ಸಾಕೆಂದು ಗೊತ್ತುಮಾಡಿದ್ದ. ಸರಕಾರದ ಬೊಕ್ಕಸ ಉಳಿಸುವ ಉತ್ಸಾಹ ಆ ಕಾಲದಲ್ಲೂ ಕಡಿಮೆ ಇರಲಿಲ್ಲ.

ಇಂಥ ಬರಗಳನ್ನು ದಾಟಿ ಉಳಿದ ದೇಹಕ್ಕೆ ಕೂಡಿಡುವ ಬುದ್ಧಿ ಹೆಚ್ಚಿರಬಹುದೆ? 1962ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಎಂಬ ತಳಿವಿಜ್ಞಾನಿ ಹಾಗೆಂದು ಊಹಿಸಿದರು. ಸಿಕ್ಕಿದಾಗ ಕೊಬ್ಬಾಗಿ ಕೂಡಿಡುವ ಗುಣ ವಂಶದಲ್ಲಿ ಬಂದಿದ್ದರೆ ಅದು ಬರಗಾಲದಲ್ಲಿ ಕಾಪಾಡುತ್ತದೆ, ಸುಭಿಕ್ಷದಲ್ಲಿ ಕಾಡುತ್ತದೆ ಎಂಬುದು ಅವರ ವಾದ. ಇದನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. 1992ರಲ್ಲಿ ಇಂಗ್ಲೆಂಡಿನ ಹೇಲ್ಸ್ ಮತ್ತು ಬಾರ್ಕರ್ ಇನ್ನೊಂದು ವಾದ ಮುಂದಿಟ್ಟರು. ವಂಶದ ಮಾತು ಹಾಗಿರಲಿ, ತಾಯಿಯ ಗರ್ಭದಲ್ಲೇ ಆಹಾರ ಸಾಲದೆ ಹೋದ ಶಿಶು ಮುಂದಿನ ಬಾಳೂ ಹೀಗೇ ಎಂದು ತಿಳಿದು ತನ್ನ ದೇಹವನ್ನು ಮಿತವ್ಯಯಕ್ಕೆ ಹೊಂದಿಸಿಕೊಳ್ಳುತ್ತದೆ ಎಂದರು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಷ್ಟಕಾಲಕ್ಕೆಂದು ಮೊದಲ ತಿಂಗಳಿಂದಲೇ ಜಿ.ಪಿ.ಎಫ್. ಹೆಚ್ಚು ಹಿಡಿಸಿದಂತೆ. ಕಷ್ಟಕಾಲ ಬಾರದೆ ಸಂಬಳವೇ ಹೆಚ್ಚುತ್ತ ಹೋದರೆ ಆ ಹಣ ಎಲ್ಲಿ ಹೋಗಬೇಕು? ಸೊಂಟದ ಸುತ್ತ ಕೂಡುತ್ತದೆ.

ಅಳತೆಯ ಕಥೆ

ದೇಹವನ್ನು ಲೆಕ್ಕಕ್ಕೆ ಸಿಕ್ಕಿಸಿದವನು ವೈದ್ಯನಲ್ಲ, ಖಗೋಳಶಾಸ್ತ್ರಜ್ಞ. ಬೆಲ್ಜಿಯಂ ದೇಶದ ಅಡಾಲ್ಫ್ ಕೆಟ್ಲೆ ಎಂಬಾತ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತ, ಕಿಲೋಗ್ರಾಮಿನ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸುವ ಸೂತ್ರಕ್ಕೆ ತಳಹದಿ ಹಾಕಿದ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂಬ ಹೆಸರು ಕೊಟ್ಟು ಪ್ರಚಾರಕ್ಕೆ ತಂದರು. ಅವರು ಪರೀಕ್ಷಿಸಿದವರು ಅಮೆರಿಕ, ಯೂರೋಪು, ಜಪಾನ್, ದಕ್ಷಿಣ ಆಫ್ರಿಕಗಳ ಗಂಡಸರು. ಆ ಪಟ್ಟಿಯಲ್ಲಿ ಭಾರತೀಯರಿರಲಿಲ್ಲ, ಹೆಂಗಸರೂ ಇರಲಿಲ್ಲ. ಹೀಗೆ ಇತರರ ಮೈಗೆ ಹೊಲಿದ ಅಂಗಿ ನಮ್ಮ ಮೈಗೂ ಬಂತು. ಅದನ್ನು ತೊಡಿಸಿ ನೋಡಿದಾಗ ಭಾರತೀಯರು ಬಹುಪಾಲು ‘ತೆಳ್ಳಗಿನವರು’ ಎಂದಾಯಿತು.

ಫ್ರಾನ್ಸಿನ ಮಾರ್ಸೇಲ್ ನಗರದ ವೈದ್ಯ ಜಾನ್ ವಾಗ್ 1947ರಲ್ಲೇ ಬೇರೊಂದು ಮಾತು ಹೇಳಿದ್ದರು. ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ತೊಡೆ, ಪಿರ್ರೆಗಳ ಕೊಬ್ಬಿಗಿಂತ ಹೊಟ್ಟೆಯ ಕೊಬ್ಬು ಅಪಾಯಕರ ಎಂದು. ಬಹುಕಾಲ ಯಾರೂ ಕಿವಿಗೊಡಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 1913ರಲ್ಲಿ ಹುಟ್ಟಿದ ಗಂಡಸರನ್ನು ವರ್ಷಗಟ್ಟಲೆ ಗಮನಿಸಿ ಬರೆದ ವರದಿ ಬಂದ ಮೇಲೆಯೇ ಸೊಂಟದ ಟೇಪಿಗೆ ಬೆಲೆ ಬಂತು. 1991ರಲ್ಲಿ ಲಂಡನ್ನಿನಲ್ಲಿ ಪಾಲ್ ಮೆಕೀಗ್ ಮತ್ತು ಸಂಗಡಿಗರು ಅಲ್ಲಿ ನೆಲೆಸಿದ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರನ್ನು ಅಳೆದು, ಬಿಳಿಯರಷ್ಟೇ ತೂಕವಿದ್ದರೂ ಇವರ ಹೊಟ್ಟೆಯ ಬೊಜ್ಜು ಹೆಚ್ಚು, ಸಕ್ಕರೆ ಕಾಯಿಲೆಯೂ ಹೆಚ್ಚು ಎಂದು ತೋರಿಸಿದರು. ವಲಸೆ ಬಂದವರ ಸೊಂಟವೇ ಮೊದಲು ಸಾಕ್ಷಿ ಹೇಳಿತೆಂಬುದನ್ನು ನಾವು ದೆಹಲಿ ಕನ್ನಡಿಗರು ನೆನಪಿಡಬೇಕು.

2004ರಲ್ಲಿ ‘ಲಾನ್ಸೆಟ್’ ಪತ್ರಿಕೆಯಲ್ಲಿ ಒಂದು ಛಾಯಾಚಿತ್ರ ಬಂತು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದರು. ಕೆಟ್ಲೆ ಸೂತ್ರದ ಪ್ರಕಾರ ಇಬ್ಬರದೂ 22.3. ಆದರೆ ಒಳಗಿನ ಕೊಬ್ಬನ್ನು ಯಂತ್ರದಿಂದ ಅಳೆದಾಗ ಯುಡ್ಕಿನ್ನರದು ಶೇಕಡಾ 9.1, ಯಾಜ್ಞಿಕರದು 21.2. ನೂರು ಪುಟದ ವರದಿ ಮಾಡದ ಕೆಲಸವನ್ನು ಆ ಚಿತ್ರ ಮಾಡಿತು. ಇಂಥ ತಿಳಿವಳಿಕೆಯ ಫಲವಾಗಿಯೇ ಸೊಂಟದ ಮಿತಿಯೂ ಬೇರೆಯಾಯಿತು. ಪಾಶ್ಚಾತ್ಯರಿಗೆ ಗಂಡಸರಲ್ಲಿ 102, ಹೆಂಗಸರಲ್ಲಿ 88 ಸೆಂಟಿಮೀಟರು ಮೀರಿದರೆ ಹೆಚ್ಚಿನ ಅಪಾಯ ಎನ್ನುತ್ತಿದ್ದರು. ನಮಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಎಂದು ನಿಗದಿಯಾಯಿತು. 2009ರಲ್ಲಿ ನಮ್ಮ ದೇಶದ ತಜ್ಞರು ಪ್ರಕಟಿಸಿದ ಒಮ್ಮತದ ಹೇಳಿಕೆಯೂ ಇದನ್ನೇ ಎತ್ತಿಹಿಡಿಯಿತು.

ಹೊಟ್ಟೆಯ ಬೊಜ್ಜಿಗೇಕೆ ಇಷ್ಟು ಕೆಟ್ಟ ಹೆಸರು? ಚರ್ಮದ ಕೆಳಗಿನ ಕೊಬ್ಬು ಹೆಚ್ಚುಮಟ್ಟಿಗೆ ಸುಮ್ಮನೆ ಕೂತಿರುತ್ತದೆ. ಕರುಳಿನ ಸುತ್ತ ಸೇರಿದ ಕೊಬ್ಬು ಹಾಗಲ್ಲ. ಅದರಿಂದ ಬಿಡುಗಡೆಯಾದ ಕೊಬ್ಬಿನ ಆಮ್ಲಗಳು ರಕ್ತದಲ್ಲಿ ಸೇರಿ ನೇರವಾಗಿ ಯಕೃತ್ತಿಗೆ ಹರಿಯುತ್ತವೆ. ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದನ್ನು ಬಿಡುತ್ತದೆ. ಸಕ್ಕರೆ ಏರುತ್ತದೆ, ಜೊತೆಗೆ ರಕ್ತದೊತ್ತಡವೂ.

ಮೈಸೂರಿನ ದಫ್ತರ, ದೆಹಲಿಯ ಮಕ್ಕಳು

ಈ ಚರಿತ್ರೆಯಲ್ಲಿ ನಮ್ಮ ಮೈಸೂರಿಗೊಂದು ಗೌರವದ ಸ್ಥಾನವಿದೆ. ಅಲ್ಲಿಯ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ‘ಮಿಷನ್ ಆಸ್ಪತ್ರೆ’, ಕಳೆದ ಶತಮಾನದ ಆರಂಭದಿಂದ ಹೆಂಗಸರ, ಮಕ್ಕಳ ಚಿಕಿತ್ಸೆಗೆ ಹೆಸರಾದದ್ದು. ಅಲ್ಲಿ 1934ರಿಂದ ಹುಟ್ಟಿದ ಪ್ರತಿಯೊಂದು ಶಿಶುವಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರದಲ್ಲಿ ಬರೆದಿಡುತ್ತಿದ್ದರು. ಬರೆದ ದಾದಿಯರಿಗೆ ಅದು ದಿನದ ಕೆಲಸ. ಅರುವತ್ತು ವರ್ಷದ ನಂತರ ಬಾರ್ಕರ್ ಬಳಗದ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಇದ್ದ 517 ಜನರನ್ನು ಪತ್ತೆಹಚ್ಚಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹುಟ್ಟಿದಾಗ ಐದೂವರೆ ಪೌಂಡು ಅಥವಾ ಕಡಿಮೆ ತೂಗಿದವರಲ್ಲಿ ಶೇಕಡಾ 11 ಜನರಿಗೆ ಹೃದ್ರೋಗ, ಏಳು ಪೌಂಡು ಅಥವಾ ಹೆಚ್ಚು ತೂಗಿದವರಲ್ಲಿ ಕೇವಲ ಶೇಕಡಾ 3. ಸಕ್ಕರೆ ಕಾಯಿಲೆಯ ವಿಷಯ ಇಷ್ಟು ಸರಳವಾಗಿರಲಿಲ್ಲ. ಗಿಡ್ಡಗೆ ದುಂಡಗೆ ಹುಟ್ಟಿದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು ಕಂಡಿತು. ತಾಯಿಯ ಹಸಿವೂ ಅತಿ ತೂಕವೂ ಎರಡೂ ಮಗುವಿನ ಮುಂದಿನ ಬಾಳಿಗೆ ಸಾಲ ಬರೆಯುತ್ತವೆ ಎಂದಾಯಿತು. ದಫ್ತರವನ್ನು ನೀಟಾಗಿ ಇಟ್ಟರೆ ಎಂದಾದರೂ ಉಪಯೋಗಕ್ಕೆ ಬರುತ್ತದೆಂಬುದಕ್ಕೆ ಗುಮಾಸ್ತನಾದ ನನಗೆ ಇದಕ್ಕಿಂತ ಸಂತೋಷದ ಉದಾಹರಣೆ ಬೇಕಿಲ್ಲ.

ನಾವಿರುವ ದೆಹಲಿಯೂ ಹಿಂದೆ ಬಿದ್ದಿಲ್ಲ. 1969ರಿಂದ 1972ರವರೆಗೆ ದಕ್ಷಿಣ ದೆಹಲಿಯ ಒಂದು ಭಾಗದಲ್ಲಿ ಹುಟ್ಟಿದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಫ್ದರ್‌ಜಂಗ್ ಆಸ್ಪತ್ರೆಯ ಡಾ. ಸಂತೋಷ್ ಭಾರ್ಗವ ಮತ್ತು ಸಂಗಡಿಗರು ಹುಟ್ಟಿನಿಂದ ಅಳೆಯುತ್ತ ಬಂದರು. ಆ ಮಕ್ಕಳಲ್ಲಿ 1,492 ಜನ 26ರಿಂದ 32 ವರ್ಷದವರಾದಾಗ ಅವರನ್ನು ಮತ್ತೆ ಪರೀಕ್ಷಿಸಿ 2004ರಲ್ಲಿ ವರದಿ ಬರೆದರು. ಶೈಶವದಲ್ಲಿ ಬಡಕಲಾಗಿದ್ದು, ಆಮೇಲೆ ಹನ್ನೆರಡರ ತನಕ ಓರಗೆಯವರಿಗಿಂತ ಬೇಗ ಮೈತುಂಬಿಕೊಂಡವರಲ್ಲೇ ಸಕ್ಕರೆಯ ತೊಂದರೆ ಹೆಚ್ಚಿತ್ತು. ಹನ್ನೆರಡರಲ್ಲಿ ಅವರು ನೋಡುವವರ ಕಣ್ಣಿಗೆ ದಪ್ಪನೆಯ ಮಕ್ಕಳೇನೂ ಆಗಿರಲಿಲ್ಲ. ಅವರೆಲ್ಲ ಈಗ ಐವತ್ತು ದಾಟಿದವರು. ಹಸಿವಿನಿಂದ ಹೊರಟು ಸುಭಿಕ್ಷಕ್ಕೆ ಅವಸರದಲ್ಲಿ ತಲುಪಿದ ದೇಹಕ್ಕೆ ಆ ಪ್ರಯಾಣವೇ ಆಯಾಸ. ಒಂದು ಮಗುವಿಗೆ ನಿಜವಾದ ಈ ಮಾತು ಒಂದು ಜನಾಂಗಕ್ಕೂ ನಿಜವೇ?

ಪೋಡು ಮತ್ತು ಹಾಡಿ

ಈ ಪ್ರಶ್ನೆಯೇ ನಮ್ಮನ್ನು ಗಿರಿಜನರ ಬಳಿಗೆ ಕರೆದೊಯ್ಯುತ್ತದೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ, ನೂರಕ್ಕೆ ಏಳು ಜನ. ಇವರಲ್ಲಿ ಕಾಡನ್ನೇ ನಂಬಿ ಬಾಳಿದವರು ಚಾಮರಾಜನಗರ ಜಿಲ್ಲೆಯ ಸೋಲಿಗರು. ಮೈಸೂರು, ಕೊಡಗುಗಳ ಅಂಚಿನ ಜೇನುಕುರುಬರು. ಸೋಲಿಗರ ಊರಿಗೆ ಪೋಡು ಎಂದು ಹೆಸರು, ಜೇನುಕುರುಬರದಕ್ಕೆ ಹಾಡಿ. ಬೆಟ್ಟದ ರಂಗನಾಥ ತಮ್ಮ ಮನೆಯ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನೆಂದು ಸೋಲಿಗರು ದೇವರನ್ನೇ ‘ಭಾವ’ ಎಂದು ಕರೆಯುವವರು.

ಇವರ ಹಳೆಯ ಊಟದಲ್ಲಿ ವೈವಿಧ್ಯ ಬಹಳ. ಕಾಡು ಸುಟ್ಟು ಬಿತ್ತಿದ ರಾಗಿ, ಅದರೊಡನೆ ಅವರೆ, ಸಾಸಿವೆ, ಕುಂಬಳ. ಅಗೆದು ತಂದ ಹಲವು ಬಗೆಯ ಕಾಡುಗೆಣಸು. ಬಿದಿರ ಕಳಲೆ, ಅಣಬೆ, ಹತ್ತಾರು ಸೊಪ್ಪು. ಕಾಲಕ್ಕೆ ಸರಿಯಾಗಿ ಜೇನು. ಗೆಣಸು ಅಗೆಯುವುದೇನೂ ಕೂತು ಮಾಡುವ ಕೆಲಸವಲ್ಲ. ಊಟ ಸಂಪಾದಿಸುವುದರಲ್ಲೇ ಅದನ್ನು ಅರಗಿಸುವ ದುಡಿಮೆಯೂ ಸೇರಿರುತ್ತಿತ್ತು. ಹಾಗೆಂದು ಅದು ಸ್ವರ್ಗವಾಗಿರಲಿಲ್ಲ. ಮಳೆಗಾಲದಲ್ಲಿ ಹಸಿವಿತ್ತು, ಹೆರಿಗೆಯಲ್ಲಿ ಸಾವಿತ್ತು, ಕುಡಗೋಲು ಕಣ ರಕ್ತಹೀನತೆಯಂಥ ವಂಶದ ಕಾಯಿಲೆಯೂ ಇತ್ತು. 1981ರಲ್ಲಿ ಡಾ. ಎಚ್. ಸುದರ್ಶನ್ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದ್ದು ಇಂಥ ನೋವುಗಳ ನಡುವೆಯೇ.

ಆಮೇಲೆ ನೆಲದ ನಂಟು ಒಂದೊಂದಾಗಿ ಕಡಿಯಿತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು. ಕಾಡು ಸುಟ್ಟು ಬೇಸಾಯ ಮಾಡುವುದು, ಬೇಟೆಯಾಡುವುದು ನಿಂತವು. ಪೋಡುಗಳು ರಸ್ತೆಯ ಬದಿಗೆ ಬಂದವು. ಅದೇ 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದು ಹಾಡಿಗಳ ಕಾಡು ನೀರಿನಲ್ಲಿ ಮುಳುಗಿತು. ಬಂಡೀಪುರ, ನಾಗರಹೊಳೆಗಳಿಂದ ಹೊರಬಂದ ಜೇನುಕುರುಬರಲ್ಲಿ ಅನೇಕರು ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಗಳಾದರು. 2011ರ ಜನವರಿಯಲ್ಲಿ ಬಿಳಿಗಿರಿಯ ಕಾಡು ಹುಲಿ ರಕ್ಷಿತಾರಣ್ಯವೂ ಆಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯ ಮೇರೆಗೆ 25 ಸೋಲಿಗ ಗ್ರಾಮಸಭೆಗಳಿಗೆ ಸಾಮೂಹಿಕ ಹಕ್ಕು ದೊರೆತದ್ದು ಒಂದು ಸಮಾಧಾನ. ಅಷ್ಟರಲ್ಲಿ ಗೆಣಸಿನ ಜಾಗಗಳ ಗುರುತು ಬಲ್ಲ ಹಿರಿಯರು ಮುದುಕರಾಗಿದ್ದರು. ಕಾಡಿನ ನೆಲವನ್ನು ಲಂಟಾನ ಪೊದೆ ತುಂಬಿತ್ತು.

ಕಾಡು ಬಿಟ್ಟ ಜಾಗಕ್ಕೆ ಪಡಿತರ ಬಂತು. ಹಸಿವಿಗೆ ಅದು ದೊಡ್ಡ ಉಪಕಾರವೆಂಬುದನ್ನು ಯಾರೂ ಅಲ್ಲಗಳೆಯಲಾರರು. 2013ರ ಅನ್ನಭಾಗ್ಯ ಯೋಜನೆಯಿಂದ ಕರ್ನಾಟಕದ ಬಡವರ ಮನೆಯಲ್ಲಿ ಒಲೆ ಆರದಂತಾಯಿತು. ಆದರೆ ಚೀಲದಲ್ಲಿ ಬಂದದ್ದು ಮುಖ್ಯವಾಗಿ ಪಾಲಿಶ್ ಅಕ್ಕಿ. ಹತ್ತು ಬಗೆಯ ಊಟವಿದ್ದ ತಟ್ಟೆಯಲ್ಲಿ ಒಂದೇ ಬಗೆಯ ಅನ್ನ ತುಂಬಿತು. ರಸ್ತೆ ಬದಿಯ ಅಂಗಡಿಯ ಸಕ್ಕರೆ, ಎಣ್ಣೆ, ಬಿಸ್ಕತ್ತು ಜೊತೆಗೂಡಿದವು.

ಇದರ ಫಲ ಏನಾಯಿತು? 1972ರಲ್ಲಿ ಆರಂಭವಾದ ರಾಷ್ಟ್ರೀಯ ಪೋಷಣೆ ಉಸ್ತುವಾರಿ ಬ್ಯೂರೋ 2007–08ರ ಸುಮಾರಿಗೆ ಒಂಬತ್ತು ರಾಜ್ಯಗಳ ಗಿರಿಜನರನ್ನು ಸಮೀಕ್ಷಿಸಿತು. ವಯಸ್ಕ ಗಂಡಸರಲ್ಲಿ ಶೇಕಡಾ 40, ಹೆಂಗಸರಲ್ಲಿ 49 ಜನ ತೀರ ಬಡಕಲು ದೇಹದವರು. ಅದೇ ಜನರಲ್ಲಿ ಸರಿಸುಮಾರು ನಾಲ್ಕರಲ್ಲಿ ಒಬ್ಬರಿಗೆ ರಕ್ತದೊತ್ತಡ! ಹಸಿದವರಿಗೆ ಉಂಡವರ ಕಾಯಿಲೆ ಬಂದಿತ್ತು. 2017–18ರಲ್ಲಿ ಆರಂಭವಾದ ಭಾರತದ ವೃದ್ಧಾಪ್ಯ ಸಮೀಕ್ಷೆ, 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರನ್ನು ಕಂಡು, ತೂಕದ ಜೊತೆಗೆ ಸೊಂಟವನ್ನೂ ಅಳೆಯಿತು. ಗಿರಿಜನ ಹಿರಿಯರಲ್ಲಿ ಹೊಟ್ಟೆಯ ಬೊಜ್ಜು ಇತರರಿಗಿಂತ ಕಡಿಮೆ, ನಿಜ. ಆದರೆ ಇಲ್ಲವೆಂದಲ್ಲ. ಪಟ್ಟಣವಾಸ, ಅನುಕೂಲಸ್ಥಿತಿ, ಹೆಣ್ಣಾಗಿರುವುದು, ಇತರರಲ್ಲಿ ಬೊಜ್ಜನ್ನು ಹೆಚ್ಚಿಸುವ ಈ ಅಂಶಗಳೇ ಅವರಲ್ಲೂ ಹೆಚ್ಚಿಸುತ್ತವೆ. ನಾವು ಮೊದಲು ನಡೆದ ದಾರಿಯಲ್ಲೇ ಅವರು ಹಿಂದಿನಿಂದ ಬರುತ್ತಿದ್ದಾರೆ. ಒಂದು ವ್ಯತ್ಯಾಸ: ನಮ್ಮ ಹಿಂದೆ ಆಸ್ಪತ್ರೆಯಿದೆ, ಪಿಂಚಣಿಯಿದೆ. ಅವರ ಹಿಂದೆ ಹಸಿವು ಇನ್ನೂ ಪೂರ್ತಿ ಹೋಗಿಲ್ಲ.

ಗಿಲಾ ನದಿಯ ಪಾಠ

ಈ ದಾರಿ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಲು ಅಮೆರಿಕದ ಅರಿಜೋನಾ ಪ್ರಾಂತದ ಪೀಮಾ ಜನರನ್ನು ನೋಡಬೇಕು. ಗಿಲಾ ನದಿಯ ನೀರಿನಿಂದ ಮರುಭೂಮಿಯಲ್ಲಿ ಜೋಳ, ಕಾಳು, ಕುಂಬಳ ಬೆಳೆಯುತ್ತಿದ್ದ ಮೂಲನಿವಾಸಿಗಳು ಅವರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಲ್ದಂಡೆಯ ಬಿಳಿಯ ವಲಸೆಗಾರರು ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು, ಕ್ಷಾಮ ಬಂತು, ಸರಕಾರದ ಪಡಿತರವಾಗಿ ಬಿಳಿ ಹಿಟ್ಟು, ಕೊಬ್ಬು, ಸಕ್ಕರೆ ಬಂದವು. ಒಂದೆರಡು ತಲೆಮಾರಿನಲ್ಲಿ ಅವರು ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ಕಾಯಿಲೆಯವರೆಂದು ಹೆಸರಾದರು. ಅವರದೇ ರಕ್ತದ ಪೀಮಾ ಜನ ಗಡಿಯಾಚೆ ಮೆಕ್ಸಿಕೋದ ಗುಡ್ಡಗಳಲ್ಲಿ ಹಳೆಯ ರೀತಿಯಲ್ಲೇ ಬೇಸಾಯ ಮಾಡುತ್ತಿದ್ದರು. 2006ರಲ್ಲಿ ಪ್ರಕಟವಾದ ಹೋಲಿಕೆಯಂತೆ ಅಮೆರಿಕದ ಪೀಮಾಗಳಲ್ಲಿ ಶೇಕಡಾ 38, ಮೆಕ್ಸಿಕೋದವರಲ್ಲಿ ಸುಮಾರು 7 ಜನರಿಗೆ ಆ ಕಾಯಿಲೆ. ರಕ್ತ ಒಂದೇ, ಬೇರೆಯಾದದ್ದು ಚರಿತ್ರೆ.

ಇನ್ನೊಂದು ಪಾಠ ಭರವಸೆಯದು. 1982ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಡರ್ಬಿ ಪಟ್ಟಣದ ಬಳಿಯ ಹತ್ತು ಜನ ಮೂಲನಿವಾಸಿಗಳು, ಎಲ್ಲರೂ ಸಕ್ಕರೆ ಕಾಯಿಲೆಯವರು, ಕೆರಿನ್ ಒಡೀ ಎಂಬ ವಿಜ್ಞಾನಿಯೊಡನೆ ಏಳು ವಾರ ತಮ್ಮ ಪೂರ್ವಿಕರ ಕಾಡಿಗೆ ಮರಳಿದರು. ಬೇಟೆ, ಮೀನು, ಅಗೆದು ತೆಗೆದ ಗೆಣಸು ಇವೇ ಊಟ. ಏಳು ವಾರದಲ್ಲಿ ಸರಾಸರಿ ಎಂಟು ಕಿಲೋ ಇಳಿದರು. ರಕ್ತದ ಸಕ್ಕರೆ ಬಹಳ ಮಟ್ಟಿಗೆ ಹತೋಟಿಗೆ ಬಂತು. ಅವರಿಗೆ ಮರಳಲು ಕಾಡಿತ್ತು ಎಂಬುದನ್ನು ಮಾತ್ರ ಮರೆಯುವಂತಿಲ್ಲ. ಸೋಲಿಗ ಅಜ್ಜಿಗೆ ಗೆಣಸು ಅಗೆಯುವ ಹಕ್ಕು ಇರುವುದು ಬರಿಯ ಕಾನೂನಿನ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆಯೂ ಹೌದು ಎಂದು ನನಗೆ ತೋರುತ್ತದೆ.

ಮುಪ್ಪು ಬಂದಾಗ

ವಯಸ್ಸಾದವರಲ್ಲಿ ತೂಕದ ಯಂತ್ರ ಇನ್ನಷ್ಟು ಮೋಸ ಮಾಡುತ್ತದೆ. ಅರುವತ್ತರ ನಂತರ ತೊಡೆ, ತೋಳುಗಳ ಸ್ನಾಯು ಕರಗುತ್ತ ಬರುತ್ತದೆ, ಹೊಟ್ಟೆಯ ಕೊಬ್ಬು ಸೇರುತ್ತ ಹೋಗುತ್ತದೆ. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮಾ. ಕೊನೆಯ ಶಿಲ್ಕು ಮಾತ್ರ ಬದಲಾಗದು. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಸೊಂಟದ ಕೆಳಗಿದ್ದ ಕೊಬ್ಬು ಹೊಟ್ಟೆಗೆ ಏರುತ್ತದೆ. ‘ಇಪ್ಪತ್ತು ವರ್ಷದಿಂದ ನನ್ನ ತೂಕ ಒಂದೇ’ ಎಂದು ಹೆಮ್ಮೆಪಡುವ ಹಿರಿಯರ ಕಾಲು ಸಣ್ಣಗಾಗಿ ಹೊಟ್ಟೆ ಮುಂದೆ ಬಂದಿರುವುದನ್ನು ನಾವೆಲ್ಲ ನೋಡಿದ್ದೇವೆ.

ದೇಶದ ಒಟ್ಟು ಲೆಕ್ಕವೂ ಯೋಚನೆಗೆ ಹಚ್ಚುವಂಥದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯ ಸಂಶೋಧನಾ ಮಂಡಳಿಯ ದೊಡ್ಡ ಅಧ್ಯಯನದ ಪ್ರಕಾರ ವಯಸ್ಕರಲ್ಲಿ ಶೇಕಡಾ 28.6 ಜನರಿಗೆ ತೂಕದ ಲೆಕ್ಕದ ಬೊಜ್ಜು; ಹೊಟ್ಟೆಯ ಲೆಕ್ಕದಲ್ಲಿ ಶೇಕಡಾ 39.5. ಅಂದರೆ ನೂರಕ್ಕೆ ಸುಮಾರು ಹನ್ನೊಂದರಷ್ಟು ವ್ಯತ್ಯಾಸ. ತಕ್ಕಡಿ ‘ಸರಿಯಿದ್ದೀರಿ’ ಎಂದು ಮನೆಗೆ ಕಳಿಸಿದ ಎಷ್ಟೋ ಜನರನ್ನು ಟೇಪು ಹಿಂದಕ್ಕೆ ಕರೆಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳಂತೆ ಹೊಟ್ಟೆಯ ಬೊಜ್ಜು ಗಂಡಸರಲ್ಲಿ ಶೇಕಡಾ 12, ಹೆಂಗಸರಲ್ಲಿ 40. ಮನೆಮಂದಿ ಉಂಡ ಮೇಲೆ ಉಳಿದದ್ದನ್ನು ಎಸೆಯಬಾರದೆಂದು ಉಣ್ಣುವವರು ಯಾರು, ಸಂಜೆ ಒಬ್ಬರೇ ತಿರುಗಾಡಲು ಹೋಗಲಾರದವರು ಯಾರು ಎಂದು ಯೋಚಿಸಿದರೆ ಈ ಅಂಕಿಗಳ ಅರ್ಥ ಸ್ವಲ್ಪ ಹೊಳೆಯಬಹುದು.

ನಮ್ಮ ಮನೆಯ ಮಾತು

ಸ್ವಾತಂತ್ರ್ಯಾನಂತರ ಕೇಂದ್ರ ಸರಕಾರದ ನೌಕರಿಗೆಂದು ದೆಹಲಿಗೆ ಬಂದ ಕನ್ನಡ ಕುಟುಂಬಗಳೂ ಒಂದು ಬಗೆಯಲ್ಲಿ ನೆಲ ಬಿಟ್ಟು ಬಂದವೇ. ಯಾರೂ ನಮ್ಮನ್ನು ಹೊರಗಟ್ಟಲಿಲ್ಲ, ಸಂಬಳಕ್ಕಾಗಿ ಬಂದೆವು. ಸೋಲಿಗರ ಕಷ್ಟಕ್ಕೆ ನಮ್ಮದನ್ನು ಹೋಲಿಸುವುದು ತಪ್ಪಾದೀತು. ಆದರೆ ಮುದ್ದೆ, ಜೋಳದ ರೊಟ್ಟಿ ತಟ್ಟೆಯಿಂದ ಹೋದವು. ಅನ್ನ ಹಾಗೇ ಉಳಿದು, ಅದರ ಮೇಲೆ ಪರೋಟ ಬಂತು. 1937ರಲ್ಲಿ ಮಾರುಕಟ್ಟೆಗೆ ಬಂದ ಡಾಲ್ಡಾ ನಮ್ಮ ತಾಯಂದಿರ ಕಾಲಕ್ಕೆ ಅಡುಗೆಮನೆಯ ಕಪಾಟು ಸೇರಿತ್ತು. ಹೊಲದಲ್ಲಿ ದುಡಿದ ತಾತನ ಮೊಮ್ಮಗ ಫೈಲಿನ ಮುಂದೆ ಎಂಟು ಗಂಟೆ ಕೂತ. ಬಡ್ತಿಗೊಂದು, ನಿವೃತ್ತಿಗೊಂದು ಸಮೋಸ, ಬರ್ಫಿ. ರಾಗಿ ಅಮೃತವೇನಲ್ಲ, ಕೂತು ಉಂಡರೆ ಮುದ್ದೆಯೂ ಹೊಟ್ಟೆಗೇ ಸೇರುತ್ತದೆ. ಹೋದದ್ದು ಧಾನ್ಯವೊಂದೇ ಅಲ್ಲ, ಊಟಕ್ಕೂ ದುಡಿಮೆಗೂ ಇದ್ದ ನಂಟು.

ನನಗೆ ಹೆಚ್ಚು ಕಳವಳ ಊರಿನಿಂದ ನಾವು ಕರೆತಂದ ತಂದೆತಾಯಂದಿರದು. ಹಾಸನ, ಧಾರವಾಡ, ಕುಂದಾಪುರಗಳ ಕಡೆ ದಿನಕ್ಕೆ ನಾಲ್ಕು ಸಲ ಹಿತ್ತಲಿಗೆ, ಎರಡು ಸಲ ಅಂಗಡಿಗೆ, ಒಂದು ಸಲ ದೇವಸ್ಥಾನಕ್ಕೆ ನಡೆಯುತ್ತಿದ್ದ ಜೀವಗಳು ಇಲ್ಲಿ ದ್ವಾರಕೆಯ, ನೋಯ್ಡಾದ ಮೇಲಂತಸ್ತಿನ ಮನೆಯಲ್ಲಿ ಟೀವಿಯ ಮುಂದೆ ಕೂರುತ್ತವೆ. ಕೆಳಗಿಳಿದರೆ ಭಾಷೆ ಬಾರದು. ಚಳಿಗಾಲದಲ್ಲಿ ಹೊಗೆಮಂಜು ಹೊರಗೆ ಬಿಡದು. ಪ್ರೀತಿಯಿಂದ ನಾವು ಇನ್ನೊಂದು ಚಮಚ ತುಪ್ಪ ಬಡಿಸುತ್ತೇವೆ. ‘ಅಮ್ಮ ಇಲ್ಲಿಗೆ ಬಂದ ಮೇಲೆ ಮೈಕೈ ತುಂಬಿಕೊಂಡಿದ್ದಾರೆ’ ಎಂದು ಊರಿಗೆ ಸಂತೋಷದ ಸುದ್ದಿ ಹೇಳುತ್ತೇವೆ. ಅವರ ಬಾಲ್ಯದಲ್ಲಿ ಹಸಿವಿತ್ತು. ಆ ದೇಹಕ್ಕೆ ಈ ತುಪ್ಪ ಏನು ಮಾಡೀತೆಂದು ಮೈಸೂರಿನ ದಫ್ತರ ನಮಗೆ ಹೇಳಿದೆ.

ಉಪಾಯ ದುಬಾರಿಯದೇನಲ್ಲ. ಒಂದು ದಾರ ತೆಗೆದುಕೊಳ್ಳಿ. ಮನುಷ್ಯನ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿ, ಎರಡಾಗಿ ಮಡಿಸಿ. ಆ ಮಡಿಸಿದ ದಾರ, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ, ಸುತ್ತು ಬರಬೇಕು. ಬಾರದಿದ್ದರೆ ಡಾಕ್ಟರನ್ನು ಕಂಡು ಸಕ್ಕರೆ, ರಕ್ತದೊತ್ತಡ ನೋಡಿಸಬೇಕು. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂಬುದು ವೈದ್ಯರೂ ಇಂದು ಹೇಳುವ ಸರಳ ಸೂತ್ರ. ಇದಕ್ಕೆ ಕರೆಂಟು ಬೇಡ, ಅಕ್ಷರಜ್ಞಾನವೂ ಬೇಡ. ದ್ವಾರಕೆಯಲ್ಲೂ ಆದೀತು, ಪೋಡಿನಲ್ಲೂ ಆದೀತು. ಹಿರಿಯರನ್ನು ಉಪವಾಸ ಕೆಡವುವುದು ಮಾತ್ರ ಕೂಡದು; ಉಳಿದ ಸ್ನಾಯುವೂ ಹೋದೀತು. ಅನ್ನ ಒಂದು ಹಿಡಿ ಕಡಿಮೆಯಾಗಿ ಬೇಳೆ, ಮೊಸರು, ಸೊಪ್ಪು ಒಂದು ಸೌಟು ಹೆಚ್ಚಾಗಲಿ. ನಿತ್ಯ ನಡಿಗೆಯಿರಲಿ, ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಏಳುವ ಅಭ್ಯಾಸವಿರಲಿ.

ನಮ್ಮ ಸಂಘದಲ್ಲಿ ರಾಜ್ಯೋತ್ಸವಕ್ಕೂ ಗಣೇಶೋತ್ಸವಕ್ಕೂ ಹಿರಿಯರು ಬರುತ್ತಾರೆ. ಹಾರ ಹಾಕಿ ಸನ್ಮಾನಿಸುತ್ತೇವೆ, ಹೋಳಿಗೆ ಬಡಿಸುತ್ತೇವೆ. ಆ ದಿನ ಒಂದು ಮೇಜು, ಒಂದು ಟೇಪು, ರಕ್ತದೊತ್ತಡ ನೋಡುವ ಒಂದು ಉಪಕರಣ, ನಮ್ಮವರೇ ಆದ ಒಬ್ಬ ಡಾಕ್ಟರು ಇದ್ದರೆ ಚೆನ್ನ. ಬಡಾವಣೆಗೊಂದರಂತೆ ಕನ್ನಡ ಮಾತಾಡುತ್ತ ನಡೆಯುವ ಹಿರಿಯರ ಗುಂಪು ಕಟ್ಟಿದರೆ ಇನ್ನೂ ಚೆನ್ನ; ಮಾತಿನ ಹಸಿವೂ ತೀರುತ್ತದೆ. ಅಳತೆಗಳನ್ನು ಒಂದು ದಫ್ತರದಲ್ಲಿ ಬರೆದಿಡಲು, ಕಾರ್ಯಕಾರಿ ಸಮಿತಿ ಒಪ್ಪಿದರೆ, ಈ ಗುಮಾಸ್ತ ಸಿದ್ಧನಿದ್ದಾನೆ.